ಮೇಲ್ಮನೆಯ ಗಿಲಕಿಹಾವು

ಹಗ್ಗವನ್ನು ಹಾವೆಂದು ಭ್ರಮಿಸುವುದು ಅಜ್ಞಾನವೆಂದು ವೇದಾಂತಿಗಳು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಮುನ್ನೆಚ್ಚರಿಕೆ. ಹಾವೆಂದರೆ ನನಗೆ ಅಷ್ಟು ಭಯ. ಆದರೆ ಕಂಪ್ಯೂಟರ್ ಕೆಲಸಕ್ಕೆಂದು ಅಮೆರಿಕದಂತೆ ತಾನೂ ಗ್ರೀನ್ ಕಾರ್ಡ್ ಕೊಟ್ಟು ಜರ್ಮನಿ ನಮ್ಮನ್ನು ಕರೆಸಿಕೊಂಡ ಆ ವರ್ಷಗಳಲ್ಲಿ, ಭಾರತೀಯನೆಂದರೆ ಕಂಪ್ಯೂಟರ್ ಮತ್ತು ಹಾವು ಎರಡನ್ನೂ ಬಲ್ಲವನೆಂಬ ನಂಬಿಕೆ ನಾವಿದ್ದ ಮ್ಯಾನ್‌ಹೈಮ್ ನಗರದಲ್ಲಿತ್ತು. ಮೊದಲನೆಯದರ ಬಗ್ಗೆ ನನ್ನ ಮ್ಯಾನೇಜರಿಗೆ ಆಗಲೇ ಸಂಶಯ ಬಂದಿತ್ತು. ಎರಡನೆಯದರ ಗೌರವವನ್ನಾದರೂ ಉಳಿಸಿಕೊಳ್ಳೋಣವೆಂದು ನಾನು ಸುಮ್ಮನಿದ್ದೆ.

ಆ ಮೌನವೇ ಮುಳುವಾಯಿತು, ಮಹರಾಯರೇ. ನಮ್ಮ ಮೇಲಿನ ಮಹಡಿಯ ಹೆರ್ ವೆಬರ್ ನಿವೃತ್ತ ಭೂಗೋಳದ ಮೇಷ್ಟ್ರು. ಅವರ ಕೋಣೆಯಲ್ಲಿ, ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ, ಅಮೆರಿಕದ ಗಿಲಕಿಹಾವೊಂದು ಸುರುಳಿ ಸುತ್ತಿ ಮಲಗಿರುತ್ತಿತ್ತು. ಬಾಲದ ತುದಿಯಲ್ಲಿ ಮಕ್ಕಳಾಟದ ಗಿಲಕಿಯಂತೆ ಸದ್ದು ಮಾಡುವ ಉಂಗುರಗಳಿದ್ದವು. ವಿಷ ಮಾತ್ರ ಮಕ್ಕಳಾಟವಲ್ಲ. ಇಡೀ ಕಟ್ಟಡದಲ್ಲಿ ಈ ರಹಸ್ಯ ನನಗೊಬ್ಬನಿಗೇ ಗೊತ್ತಿತ್ತು, ಭಾರತೀಯನೆಂಬ ವಿಶೇಷ ಅರ್ಹತೆಯಿಂದ. ಆ ಚಳಿಗಾಲ ತಂಗಿಯ ಊರಿಗೆ ಹೊರಟ ಮೇಷ್ಟ್ರು ಮನೆಯ ಕೀಲಿಕೈಯನ್ನು ನನಗೊಪ್ಪಿಸಿ, ಗೋಡೆಯ ನಕ್ಷೆಯ ಮೇಲೆ ಬೆರಳಾಡಿಸಿದರು: ಕ್ಯಾಲಿಫೋರ್ನಿಯಾದ ಮರುಭೂಮಿಯಿಂದ ಅರಿಜೋನಾ, ಟೆಕ್ಸಾಸ್ ಹಾದು ಅರ್ಕಾನ್ಸಾದವರೆಗೆ, ಕೆಳಗೆ ಮೆಕ್ಸಿಕೋದ ಒಳಗೆ ಇದರ ಸೀಮೆ, ಕಲ್ಲುಗುಡ್ಡ, ಕುರುಚಲು, ಒಣ ಹುಲ್ಲುಗಾವಲು ಇದರ ಮನೆ.

"ತಿಂದಾಗಿದೆ, ನೀರಿಟ್ಟಿದ್ದೇನೆ. ಪೆಟ್ಟಿಗೆಯ ಬಿಸಿ ದೀಪ ಮಾತ್ರ ಆರಬಾರದು, ಚಳಿಗೆ ಹಾವು ಸತ್ತೀತು. ನಿಮಗೆ ನಾನು ಹೇಳಿಕೊಡುವುದೇನಿದೆ!" ಎಂದು ನಕ್ಕರು.

ಭಾನುವಾರ ದೀಪ ಆರಿತು. ಅಂಗಡಿಗಳೆಲ್ಲ ಮುಚ್ಚಿರುವ ಜರ್ಮನಿಯ ಭಾನುವಾರದಂದು ಒಂದು ಬಲ್ಬು ದೊರಕಿಸುವುದಕ್ಕಿಂತ ಅರಿಜೋನಾ ತಲುಪುವುದು ಸುಲಭ. ಕೋಣೆ ಕಾಯಿಸುವ ಹೈಟ್ಸುಂಗಿನ ತಿರುಪು ತಿರುಗಿಸಿದೆ, ತಣ್ಣಗಿದ್ದ ಕೋಣೆ ಬಿಸಿಯೇರುವ ಲಕ್ಷಣ ಕಾಣಲಿಲ್ಲ. ದೂರದಿಂದ ಛತ್ರಿಯ ತುದಿಯಲ್ಲಿ ಗಾಜನ್ನು ತಟ್ಟಿದೆ, ಹಾವು ಮಿಸುಕಲಿಲ್ಲ.

ಹೆಂಡತಿ ಶೈಲಜಾಳನ್ನು ಕರೆದು ಗುಟ್ಟು ಬಿಚ್ಚಿಟ್ಟೆ. "ಇದು ಸತ್ತರೆ ನಮಗೆ ಸರ್ಪದೋಷ ಬರ್ತದೆ ಮಾರಾಯ್ರೆ!" ಎಂದು ಅವಳು ಬೆಚ್ಚಿದಳು.

"ಅಮೆರಿಕದ ಹಾವು, ಸಾಯುವುದು ಜರ್ಮನಿಯಲ್ಲಿ. ಅದರ ದೋಷ ಉಡುಪಿಯವರಾದ ನಮಗೆ ಹೇಗೆ ತಾಗ್ತದೆ?"

"ದೋಷಕ್ಕೆ ಎಂತ, ವೀಸಾ ಬೇಕಾ?"

ಅವಳು ಕೆಳಗೋಡಿ ರಬ್ಬರಿನ ಬಿಸಿನೀರಿನ ಚೀಲವನ್ನೂ ತನ್ನ ಉಣ್ಣೆಯ ಶಾಲನ್ನೂ ತಂದಳು. ಚೀಲವನ್ನು ಗಾಜಿಗೊತ್ತಿ ಹಿಡಿಯುವ ಕೆಲಸ ನನಗೆ ಬಂತು. ವಿಷದ ಹಲ್ಲಿಗೂ ನನಗೂ ನಡುವೆ ಒಂದು ಗಾಜು. ಕಣ್ಣು ಮುಚ್ಚಿ ನಿಂತೆ. ಅಪರಿಚಿತ ದೇಶದಲ್ಲಿ ತಣ್ಣಗಾಗುತ್ತಿದ್ದ ಆ ಜೀವದ ಬಗ್ಗೆ ಭಯಕ್ಕಿಂತ ಮಿಗಿಲಾದದ್ದೇನೋ ನನ್ನೊಳಗೆ ಮೂಡಿತೆಂಬುದನ್ನು ಇಂದಿಗೂ ಯಾರೂ ನಂಬುವುದಿಲ್ಲ.

ಚೀಲಕ್ಕೆ ಮತ್ತೆ ನೀರು ಕಾಯಿಸಿ ತುಂಬಿದ ಮೇಲೆ ಬಾಲ ಮೆಲ್ಲನೆ ಎದ್ದಿತು. ಗಿಲಗಿಲ, ಗಿಲಗಿಲ! ಆ ಸದ್ದು ಕೇಳಿದರೆ ಅಮೆರಿಕದವರು ಓಟ ಕೀಳುತ್ತಾರಂತೆ, ನಾವಿಬ್ಬರೂ ಕುಣಿದೆವು.

ಅಷ್ಟರಲ್ಲಿ ಕೆಳಮನೆಯಾಕೆ ಫ್ರಾವ್ ಕೆಲ್ಲರ್, ಭಾನುವಾರದ ನಿಶ್ಶಬ್ದದ ನಿಯಮ ನೆನಪಿಸಲು ಮೆಟ್ಟಿಲೇರಿ ಬಂದವರು, ತೆರೆದಿದ್ದ ಬಾಗಿಲಲ್ಲಿ ನಿಂತರು. ನನ್ನ ಕೈಯ ಬಿಸಿನೀರಿನ ಚೀಲ, ಶೈಲಜಾಳ ಕೈಯ ಮೆತ್ತನೆಯ ಶಾಲು, ನಮ್ಮ ಬೆನ್ನ ಮರೆಯಿಂದ ಮಗುವಿನ ಗಿಲಕಿಯಂಥ ಸದ್ದು. ಆಕೆಯ ಮುಖ ಒಮ್ಮೆಲೇ ಅರಳಿತು.

"ಅಯ್ಯೋ, ನನಗೆ ತಿಳಿಯಲೇ ಇಲ್ಲ! ಗಂಡೋ, ಹೆಣ್ಣೋ?"

ಶೈಲಜಾ ತನ್ನ ಹರಕು ಜರ್ಮನ್‌ನಲ್ಲಿ ಸತ್ಯವನ್ನೇ ನುಡಿದಳು: "ಇನ್ನೂ ಗೊತ್ತಾಗಿಲ್ಲ. ಹತ್ತಿರ ಹೋಗಿ ನೋಡಲು ಇವರಿಗೆ ಧೈರ್ಯ ಸಾಲುತ್ತಿಲ್ಲ."