ಕಾಕಾ ತಂದ ಶಾಂತಿ

ಆಗೆಲ್ಲ ಸೋಲಾಪುರದ ಮಗ್ಗುಲಿನ ನಮ್ಮ ಬೋರಾಮಣಿ ಸೀಮೆಯಲ್ಲಿ ಚಳಿ ಬೀಳುವುದೂ ಜೋಳದ ತೆನೆ ಹಾಲುಗಟ್ಟುವುದೂ ಒಟ್ಟಿಗೇ. ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿ ಸೀತನಿಯನ್ನು ಶೇಂಗಾ ಚಟ್ನಿಯ ಜೊತೆ ಬಾಯಿಗೆ ಹಾಕಿಕೊಳ್ಳುವ ಕಾಲ. ನಮ್ಮದು ಕುರಿ ಸಾಕುವ ಮನೆ, ಹೊಲ ಇರಲಿಲ್ಲ. ಆದರೂ ಸೀತನಿಗೆ ಕೊರತೆಯಾಗಲಿಲ್ಲ. ರಾಶಿ ಮುಗಿದ ಮೇಲೆ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಪಾಟೀಲರ ಹೊಲದಲ್ಲಿ ಕುರಿ ತರುಬುತ್ತಿದ್ದ. ರಾತ್ರಿಯೆಲ್ಲ ಹಿಂಡು ಅಲ್ಲಿ ಮಲಗಿದರೆ ಗೊಬ್ಬರ ಅವರಿಗೆ, ಜೋಳ ನಮಗೆ; ಆ ಋಣಕ್ಕೆ ಚಳಿಗಾಲದಲ್ಲಿ ಎಳೆ ತೆನೆಯೂ ಬರುತ್ತಿತ್ತು. ಪಾಟೀಲರ ಮಗಳು ಸುರೇಖಾ ಮತ್ತು ನಾನು ಕನ್ನಡ ಸಾಲೆಯಲ್ಲಿ ಒಂದೇ ತಟ್ಟಿನ ಮೇಲೆ ಕೂಡುತ್ತಿದ್ದೆವು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಬೀರಪ್ಪ ಕಾಕಾ ರಜೆಗೆ ಬಂದ. ಅಪ್ಪನ ತಮ್ಮ, ಮಿಲಿಟರಿಯವನು. ಆಫ್ರಿಕದ ಒಂದು ದೇಶದಲ್ಲಿ ಶಾಂತಿ ಕಾಯುವ ಪಡೆಯಲ್ಲಿದ್ದು ಆಗಷ್ಟೇ ಮರಳಿದ್ದ. ಅವನು ತಂದ ನೀಲಿ ಟೋಪಿಯನ್ನು ನಾವು ಮಕ್ಕಳು ಪಾಳಿ ಹಚ್ಚಿ ಹಾಕಿಕೊಳ್ಳುತ್ತಿದ್ದೆವು. ಉಳಿದವರು ಎರಡು ದೇಶವಾಗಿ ಬಡಿದಾಡುವುದು; ಟೋಪಿಯವಳು ನಡುವೆ ಬಂದು ಕೈ ಚಾಚಿದರೆ ಎಲ್ಲರೂ ಕಲ್ಲಿನಂತೆ ನಿಲ್ಲುವುದು. ಆಟ ಅಷ್ಟೇ.

ಸಂಜೆ ಒಲೆಯ ಮುಂದೆ ಕಾಕಾ ಕಥೆ ಹೇಳುತ್ತಿದ್ದ.

“ಎರಡು ಕುಲದ ಮಂದಿ ವರ್ಷಾನುಗಟ್ಟಲೆ ಬಡದಾಡಿದ್ರು. ಆಮ್ಯಾಗ ವೋಟ್ ಹಾಕೂದು ಅಂತ ಆತು, ನಾವು ಕಾಯಾಕ ನಿಂತ್ವಿ. ಹೆಂಗಸರು ಬೆನ್ನಿಗಿ ಕೂಸು ಕಟ್ಕೊಂಡು ನಸುಕಿನ್ಯಾಗ ಪಾಳಿ ಹಚ್ಚಿದ್ರು. ಬೆರಳಿನ ಮಸಿ ತೋರಿಸಿ ನಗತಿದ್ರು.”

“ಮುಂದ ಏನಾತು ಕಾಕಾ?”

“ಮುಂದ ನಾ ಮನಿಗಿ ಬಂದೆ.”

ಅದೇ ಚಳಿಗಾಲದಲ್ಲಿ ಮಾಳದ ಜಗಳ ಎದ್ದಿತು. ಊರ ಪಡುವಣಕ್ಕೆ ಹುಲ್ಲಿನ ಮಾಳವಿತ್ತು, ತಲೆತಲಾಂತರದಿಂದ ನಮ್ಮ ಕುರಿ ಮೇಯುವ ಜಾಗ. ಅದಕ್ಕೆ ತಂತಿ ಹಾಕಿ ಒಕ್ಕಲುತನದ ಮನೆಗಳಿಗೆ ಬಿತ್ತಲು ಹಂಚಬೇಕೆಂದು ಹೊಲದವರು ಪಟ್ಟು ಹಿಡಿದರು. ಅವರು ಗೂಟ ನೆಟ್ಟರು, ನಮ್ಮವರು ಕಿತ್ತರು. ಒಂದು ಮುಂಜಾನೆ ಪಾಟೀಲರ ಆಳು ಬೀಸಿದ ಬಡಿಗೆಗೆ ನನ್ನ ಅಪ್ಪನ ಹಣೆ ಒಡೆಯಿತು. ಬಿಸಿಲೇರುವಷ್ಟರಲ್ಲಿ ಎರಡೂ ಕಡೆಯವರು ಕೊಡಲಿ ಹಿಡಿದು ಮಾಳದಲ್ಲಿ ಎದುರುಬದುರಾದರು.

ಕಾಕಾ ಬರಿಗೈಯಲ್ಲಿ ನಡುವೆ ಹೋಗಿ ನಿಂತ.

“ಕೊಡ್ಲಿ ಕೆಳಗ ಇಡ್ರಿ. ಗ್ರಾಮಸಭಾ ಕರಸೂಣು. ಊರ ಮಂದಿ ಹೆಂಗ ಅಂತಾರ ಹಂಗಾಗ್ಲಿ.”

ಪಾಟೀಲರು ತಟ್ಟನೆ ಒಪ್ಪಿದರು. ಮುತ್ಯಾ ಒಪ್ಪಲಿಲ್ಲ.

“ಅವರ ಮನಿ ಎಷ್ಟು, ನಮ್ಮ ಮನಿ ಎಷ್ಟು, ನಿನಗ ಗೊತ್ತಿಲ್ಲೇನು?”

“ಗೊತ್ತದ ಯಪ್ಪಾ. ಅವರಾಗೂ ನ್ಯಾಯ ಅನ್ನಾವ್ರು ಇರ್ತಾರ.”

ಮುತ್ಯಾ ಮಗನ ಬರಿಗೈ ನೋಡಿದ. ಆಮೇಲೆ ಕೊಡಲಿ ಇಳಿಸಿದ. ಅವನು ಇಳಿಸಿದ್ದು ಕಂಡು ನಮ್ಮವರೆಲ್ಲ ಇಳಿಸಿದರು.

ಸಭೆ ಸೇರಿದ್ದು ಸಾಲೆಯ ಅಂಗಳದಲ್ಲಿ. ಸರಪಂಚರು ಮರಾಠಿಯಲ್ಲಿ ಠರಾವು ಓದಿದರು. ನಮ್ಮ ಹೆಂಗಸರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮಾಳ ಹಂಚಲು ಒಪ್ಪಿದವರು ಕೈ ಎತ್ತಬೇಕೆಂದರು. ತೆನೆ ಹೊರಟ ಜೋಳದ ಹೊಲದಂತೆ ಅಂಗಳದ ತುಂಬ ಕೈ ಎದ್ದವು. ಸುರೇಖಾಳ ಅವ್ವ ಗಂಡನ ಕಡೆ ಒಮ್ಮೆ ನೋಡಿದಳು. ನಾನು ಬಿದ್ದು ಮೊಣಕಾಲು ತರಚಿಕೊಂಡಾಗಲೆಲ್ಲ ಅರಿಸಿನ ಹಚ್ಚಿದವಳು ಅವಳು. ಅವಳೂ ಕೈ ಎತ್ತಿದಳು. ನಮ್ಮ ಕಡೆಯ ಕೈಗಳನ್ನು ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ.

“ಭಾಂಡಣ ಮಿಟಲಂ,” ಅಂದರು ಸರಪಂಚರು. ಜಗಳ ಮುಗಿಯಿತು ಎಂದು. ರಕ್ತ ಹರಿಯದಂತೆ ತಡೆದವನೆಂದು ಕಾಕಾನ ಕೊರಳಿಗೆ ಹಾರ ಹಾಕಿ ಪೇಢೆ ಹಂಚಿದರು. ನನಗೂ ಒಂದು ಬಂತು. ತಿಂದೆ. ಸಿಹಿಯಾಗಿಯೇ ಇತ್ತು.

ಮನೆಗೆ ಬಂದೆವು. ಅಪ್ಪ ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತ ಹೊಸ್ತಿಲ ಮೇಲೆ ಕೂತಿದ್ದ. ಕಾಕಾ ಮುತ್ಯಾನ ಎದುರು ಕೂತು ಆಫ್ರಿಕದ ಮಾತು ತೆಗೆದ.

“ಅಲ್ಲಿ ವೋಟಿನ್ಯಾಗ ಸೋತವರು ಒಪ್ಪಲಿಲ್ಲ ಯಪ್ಪಾ. ಬಂದೂಕು ಹಿಡದ್ರು. ಗೆದ್ದವರು ಅವರ ಊರಿಗಿ ಊರೇ ಸುಟ್ರು. ನಮಗ ಗುಂಡು ಹಾರಸೂ ಹುಕುಂ ಇರ್ಲಿಲ್ಲ, ನಿಂತು ನೋಡಿದ್ವಿ. ಬೆರಳು ತೋರಿಸಿ ನಕ್ಕಿದ್ದ ಒಬ್ಬ ಹೆಣ್ಮಗಳನ್ನ ನಾನೇ ಮಣ್ಣು ಮಾಡೀನಿ. ಇಲ್ಲಿ ಹಂಗಾಗಬಾರ್ದಂತ ಕೊಡ್ಲಿ ಇಡಸ್ದೆ.”

ನಮಗೆ ಅವನು ಹೇಳದೆ ಬಿಟ್ಟಿದ್ದ ಮುಂದಿನ ಕಥೆ ಇದು. ಮುತ್ಯಾ ಪೂರ್ತಿ ಕೇಳಿಸಿಕೊಂಡ.

“ನಾವು ಜೀವಂತ ಉಳದೀವಿ, ಖರೆ. ನಾಳಿ ಕುರಿ ಎಲ್ಲಿ ಹೊಡೀಲಿ, ಅದನ್ನ ಹೇಳು.”

ಕಾಕಾ ರಜೆ ಮುಗಿಯುವ ಮೊದಲೇ ಗಂಟು ಕಟ್ಟಿಕೊಂಡು ಹೋದ.

ಯುಗಾದಿಯ ಹೊತ್ತಿಗೆ ಮಾಳದ ಸುತ್ತ ತಂತಿ ಬಂತು. ಅಪ್ಪ ಹಿಂಡನ್ನು ಅಕ್ಕಲಕೋಟದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದ. ಮುತ್ಯಾ ಜೊತೆಗೆ ಹೋಗಲಿಲ್ಲ. ಖಾಲಿ ಹಟ್ಟಿಯ ಕಸ ಗುಡಿಸಿದ. ಮರುವರ್ಷ ಸುರೇಖಾ ಲಂಗದ ಮಡಿಲಲ್ಲಿ ಸೀತನಿ ತುಂಬಿಕೊಂಡು ನಮ್ಮ ಬಾಗಿಲಿಗೆ ಬಂದಾಗ ಅವ್ವ, “ನಾವು ತಿಂದೀವಿ, ಹೋಗವ್ವ,” ಅಂದಳು. ನಾವು ತಿಂದಿರಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ಅಪ್ಪನಿಗೆ ಸೋಲಾಪುರದ ಟವೆಲ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಊರು ಬಿಟ್ಟೆವು. ಕಾಕಾ ಪ್ರತಿ ರಜೆಗೂ ಬರುತ್ತಿದ್ದ. ಮುತ್ಯಾ ಅವನನ್ನು ಬೈಯಲಿಲ್ಲ, ಎದುರಿಗೆ ಕೂತು ಉಣ್ಣುತ್ತಿದ್ದ, ಆದರೆ ಸಾಯುವ ತನಕ ಅವನೊಡನೆ ಒಂದು ಮಾತೂ ಆಡಲಿಲ್ಲ. ನೆರೆಯವರು ನಮ್ಮದು ಜಗಳವಿಲ್ಲದ ಮನೆ ಅನ್ನುತ್ತಿದ್ದರು.

ಈಗ ಆ ಮಾಳದಲ್ಲಿ ಕಬ್ಬು ನಿಂತಿದೆ. ಆ ಊರಲ್ಲಿ ಕುರಿ ಕಾಯುವವರಿಲ್ಲ. ಹೊಲಕ್ಕೆ ಗೊಬ್ಬರ ಚೀಲದಲ್ಲಿ ಬರುತ್ತದೆ. ನಾನು ಕಲಿತ ಕನ್ನಡ ಸಾಲೆಯಲ್ಲಿ ಮಕ್ಕಳು ಬೆರಳೆಣಿಕೆಯಷ್ಟೇ ಉಳಿದಿದ್ದಾರಂತೆ. ನಿವೃತ್ತನಾದ ಕಾಕಾ ಸೋಲಾಪುರದಲ್ಲಿ ನಮ್ಮ ಜೊತೆಗೇ ಇದ್ದಾನೆ. ಮೊನ್ನೆ ಟಿವಿಯಲ್ಲಿ ದೂರದ ಎರಡು ದೇಶಗಳ ಯುದ್ಧ ನಿಂತಿತೆಂದು ದೊಡ್ಡವರು ಕೈ ಕುಲುಕುವುದನ್ನು ತೋರಿಸುತ್ತಿದ್ದರು. ನನ್ನ ಮಗಳು ಅವನ ಪಕ್ಕ ಕೂತು, “ಆಜೋಬಾ, ಕೋಣ ಜಿಂಕಲಂ?” ಎಂದು ಕೇಳಿದಳು. ಅಜ್ಜಾ, ಯಾರು ಗೆದ್ದರು ಎಂದು.

“ನೆಲ ಯಾರಿಗಿ ಹೋತು, ಅದನ್ನ ಕೇಳವ್ವ,” ಅಂದ ಕಾಕಾ.

ಅವಳಿಗೆ ಅಷ್ಟು ಕನ್ನಡ ಬರುವುದಿಲ್ಲ. ನನ್ನ ಮುಖ ನೋಡಿದಳು. ನಾನು ಅದನ್ನು ಮರಾಠಿಯಲ್ಲಿ ತಿಳಿಸಿ ಹೇಳಲಿಲ್ಲ.