ಭಾಗ್ಯಳ ಗಂಜಿಗೆ ನಾನು ಹಾಕಿದ ಉಪ್ಪು

ತೂಕ ಇಳಿಸಲಿಕ್ಕೆಂದು ತಲೆಗೂದಲು ಕತ್ತರಿಸಿಕೊಂಡವರನ್ನು ನೀವು ನೋಡಿದ್ದೀರಾ?

ನಾನು ನೋಡಿದೆ. ಹೋದ ತಿಂಗಳು, ಫೋನಿನಲ್ಲಿ, ಯಾರೋ ಮಾಡಿ ಹಂಚಿದ ವಿಡಿಯೋದಲ್ಲಿ. ಹೈದರಾಬಾದಿನ ಒಂದು ಹೋಟೆಲಿನ ಬಾತ್‌ರೂಮು. ನನ್ನ ತಂಗಿಯ ಮಗಳು ಭಾಗ್ಯ ಸ್ಟೂಲಿನ ಮೇಲೆ ಕೂತಿದ್ದಾಳೆ. ಅವಳ ಜೊತೆಯ ಹುಡುಗಿ ಸೊಂಟದವರೆಗಿನ ಜಡೆಯನ್ನು ಬುಡಕ್ಕೇ ಹಿಡಿದು ಕತ್ತರಿ ಆಡಿಸುತ್ತಿದ್ದಾಳೆ. ಭಾಗ್ಯ ಅಳುತ್ತಿಲ್ಲ. ಗೋಡೆಯ ಗಡಿಯಾರ ನೋಡುತ್ತಿದ್ದಾಳೆ.

ಜಡೆ ಹೋಯಿತು. ತೂಕ ಮಾತ್ರ ಬೇಕಾದಷ್ಟು ಇಳಿಯಲಿಲ್ಲ. ಇರಬೇಕಾದದ್ದು ಐವತ್ತೆರಡು ಕೆ.ಜಿ. ಇನ್ನೂರು ಗ್ರಾಂ. ಇದ್ದದ್ದು ಐವತ್ತೆರಡೂವರೆ. ಮುನ್ನೂರು ಗ್ರಾಂ ಹೆಚ್ಚು. ಎದುರಾಳಿಯ ಕಡೆಯವರು ಆಡಲು ಒಪ್ಪಲಿಲ್ಲ, ಪಂದ್ಯ ರದ್ದಾಯಿತು. ವಿಡಿಯೋದ ಕೆಳಗೆ ಯಾರೋ ಬರೆದಿದ್ದರು: ‘ಬಾಯಿ ಕಟ್ಟಲಾರದವರು ಫೈಟಿಂಗ್ ಕೇಜಿನೊಳಗೆ ಯಾಕೆ ಬರಬೇಕು?’

ಆ ಮುನ್ನೂರು ಗ್ರಾಂ ಎಲ್ಲಿಂದ ಬಂತೆಂದು ನನಗೆ ಗೊತ್ತು. ನನ್ನ ಅಡುಗೆಮನೆಯಿಂದ.

ಈ ಅಂಕಣದಲ್ಲಿ ಉಪ್ಪಿನಕಾಯಿಗೆ ಬೂಸ್ಟು ಹಿಡಿಯದಂತೆ ಇಡುವುದರಿಂದ ಹಿಡಿದು, ಸೊಸೆಯ ಮುಂದೆ ಬಾಯಿ ಮುಚ್ಚಿಕೊಂಡಿರುವುದರವರೆಗೆ ನಿಮಗೆ ಎಷ್ಟೋ ಬುದ್ಧಿ ಹೇಳಿದ್ದೇನೆ. ಈ ವಾರ ಬುದ್ಧಿ ಹೇಳುವ ಮುಖ ನನಗಿಲ್ಲ.

ಭಾಗ್ಯ ದೇವದುರ್ಗ ತಾಲೂಕಿನ ಗಬ್ಬೂರಿನವಳು. ಮನೆಯಲ್ಲಿ ಕುರಿ ಹಿಂಡು. ಉಣ್ಣೆ ಕತ್ತರಿಸುವಾಗ ಕುರಿ ಮಿಸುಕದಂತೆ ಕೆಡವಿ ಹಿಡಿಯುವ ಕೆಲಸ ಚಿಕ್ಕಂದಿನಿಂದ ಅವಳದೇ. ದೇವದುರ್ಗದ ಹಾಸ್ಟೆಲಿಗೆ ಸೇರಿದಾಗ ಜುಡೋ ಕಲಿಸಲು ಬಂದ ಮಾಸ್ತರರು, ಈ ಹುಡುಗಿಗೆ ಹಿಡಿತ ಕಲಿಸುವ ಅಗತ್ಯವೇ ಇಲ್ಲ ಎಂದಿದ್ದರಂತೆ. ಅಲ್ಲಿಂದ ಜುಡೋ, ಆಮೇಲೆ ಬಾಕ್ಸಿಂಗು, ಇಪ್ಪತ್ತು ತುಂಬುವಷ್ಟರಲ್ಲಿ ಹೈದರಾಬಾದು. ಈಗ ಇಪ್ಪತ್ತೇಳು. ಮಾಡುವುದು ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್. ಜಾಲಿ ಕಟ್ಟಿದ ಕೇಜಿನೊಳಗೆ ಗುದ್ದುವುದು, ಒದೆಯುವುದು, ಕೆಡವಿ ಅಮುಕುವುದು, ಎಲ್ಲವೂ ನಡೆಯುವ ಆಟ. ಹವ್ಯಾಸವಲ್ಲ, ಕಸುಬು. ಆರು ಪಂದ್ಯ ಆಡಿದ್ದಾಳೆ, ನಾಲ್ಕು ಗೆದ್ದಿದ್ದಾಳೆ. ಈ ಏಳನೆಯದನ್ನು ಗೆದ್ದಿದ್ದರೆ ಇಂಥ ಪಂದ್ಯ ನಡೆಸುವ ಹೊರದೇಶದ ದೊಡ್ಡ ಕಂಪನಿಯೊಂದು ಮೂರು ಪಂದ್ಯಗಳಿಗೆ ಸಹಿ ಹಾಕಿಸಿಕೊಳ್ಳುವುದಿತ್ತು.

ಪಂದ್ಯಕ್ಕೆ ಇನ್ನೈದು ದಿನ ಇರುವಾಗ ಜಿಮ್ಮಿನ ಹಾಸ್ಟೆಲಿನಲ್ಲಿ ಇಬ್ಬರಿಗೆ ಜ್ವರ ಬಂತು. ನಾಲ್ಕು ದಿನ ಬೇರೆ ಕಡೆ ಇರು ಎಂದು ಕೋಚ್ ಇವಳನ್ನು ಕಳಿಸಿದರು. ಅವಳು ರಾಯಚೂರಿಗೆ, ನಮ್ಮ ಮನೆಗೆ ಬಂದಳು.

“ಅಲ್ಲಿ ಬೆವರು ಇಳಸಾಕ ಉಗಿ ಕೋಣ್ಯಾಗ ಕುಂದರಸ್ತಾರ, ದೊಡ್ಡವ್ವಾ. ಇಲ್ಲಿ ನಿಮ್ಮ ಮಾಳಿಗಿ ಮ್ಯಾಲ ನಿಂತ್ರ ಸಾಕು” ಎಂದು ನಕ್ಕಳು.

ಬಂದವಳೇ ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು. ಮೊಟ್ಟೆಯ ಬಿಳಿ ಇಷ್ಟು, ಬೇಯಿಸಿದ ತರಕಾರಿ ಇಷ್ಟು, ಜೋಳದ ಗಂಜಿ ಒಂದು ಬಟ್ಟಲು. ಕೆಳಗೆ ದಪ್ಪ ಅಕ್ಷರದಲ್ಲಿ: ಉಪ್ಪು ಇಲ್ಲ.

“ಉಪ್ಪು ನೀರನ್ನ ಹಿಡ್ಕೊಂತದ ದೊಡ್ಡವ್ವಾ. ಉಪ್ಪು ಬಿಟ್ರ ಮೈಯಾಗಿನ ನೀರು ತಾನ ಇಳಿತದ. ತೂಕಕ್ಕ ನಿಲ್ಲೂತನಕ ಅಷ್ಟ. ಆಮ್ಯಾಲ ನೀ ಏನ್ ಮಾಡಿ ಹಾಕಿದ್ರೂ ಉಣ್ತೀನಿ.”

ಅಂದರೆ, ನನಗೆ ಗೊತ್ತಿರಲಿಲ್ಲ ಎನ್ನುವ ನೆವವೂ ಇಲ್ಲ. ಬಿಡಿಸಿ ಹೇಳಿದ್ದಳು.

ಮೊದಲ ದಿನ ಹೇಳಿದಂತೆ ಮಾಡಿದೆ. ಅವಳು ಗಂಜಿ ಕುಡಿಯುವುದನ್ನು ನೋಡುತ್ತ ಕೂತೆ. ಕಣ್ಣು ಒಳಗೆ ಹೋಗಿದ್ದವು. ಕೆನ್ನೆಯ ಮೂಳೆ ಕಾಣುತ್ತಿತ್ತು. ಸಂಜೆ ಗಬ್ಬೂರಿನಿಂದ ತಂಗಿಯ ಫೋನು. “ಅಕ್ಕಾ, ಕೂಸು ಒಣಗಿ ಹೋಗ್ಯಾದಂತಲ್ಲ. ನಿನ್ನ ಮನ್ಯಾಗ ಅದ ಅಂತ ನಾ ಸುಮ್ಮನ ಕುಂತೀನಿ ನೋಡು.”

ಆ ಕೊನೆಯ ಮಾತು ನಾಟಿತು. ಸೊರಗಿದ ಹುಡುಗಿ ನನ್ನ ಮನೆಯಿಂದ ಇನ್ನಷ್ಟು ಸೊರಗಿ ಹೋದರೆ ನಮ್ಮ ಕಡೆ ಏನೆನ್ನುತ್ತಾರೆ? ದೊಡ್ಡವ್ವ ಉಣ್ಣಲಿಕ್ಕೆ ಹಾಕಲಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಹೆಂಗಸಿಗೆ ಅದಕ್ಕಿಂತ ದೊಡ್ಡ ಬೈಗುಳ ಯಾವುದಿದೆ?

ಮರುದಿನ ಗಂಜಿಗೆ ಒಂದು ಚಿಟಿಕೆ ಹಾಕಿದೆ. ಮೇಲೊಂದು ಚಮಚ ತುಪ್ಪ, ಕಾಣದಂತೆ ಕಲಸಿ. ಒಂದು ಚಿಟಿಕೆಯಿಂದ ಏನಾಗುತ್ತದೆ?

ಒಂದು ಗುಟುಕು ಕುಡಿದವಳು ತಲೆ ಎತ್ತಿದಳು. “ಉಪ್ಪು ಹಾಕಿಯೇನು ದೊಡ್ಡವ್ವಾ?”

“ಇಲ್ಲವ್ವಾ. ನಮ್ಮ ಬೋರಿನ ನೀರ ಸವಳು.”

(ನೀರು ಕೊಂಚ ಸವಳು ಇರುವುದು ನಿಜ. ಸುಳ್ಳಿಗೆ ಅಷ್ಟು ಆಧಾರ ಸಾಕಾಯಿತು.)

ಅವಳು ನಂಬಿದಳು. ಬಟ್ಟಲು ಖಾಲಿ ಮಾಡಿದಳು. ನನಗೆ ಎಂಥ ಸಮಾಧಾನ ಅಂತೀರಿ! ಎರಡು ಹೊತ್ತೂ ಹಾಕಿದೆ.

ಮೂರನೆಯ ದಿನ ಅವಳು ತಂದಿದ್ದ ಪುಟ್ಟ ತೂಕದ ಯಂತ್ರದ ಅಂಕಿ ಇದ್ದಲ್ಲೇ ನಿಂತಿತು. ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಐವತ್ನಾಲ್ಕೂವರೆ. “ಯಾಕ ಇಳಿವಲ್ದು?” ಎಂದು ತನ್ನನ್ನೇ ಕೇಳಿಕೊಂಡಳು. ನಾನು ಪಾತ್ರೆ ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆದೆ.

ನಮ್ಮ ಮನೆಯವರು ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರು. “ಆ ಆಟಿಗಿ ಸಾಮಾನು ನಂಬಬ್ಯಾಡವ್ವಾ. ನಮ್ಮ ಮಿಲ್ಲಿನ ಕಾಟಾ ಅದ, ಬಾ” ಎಂದು ಅವಳನ್ನು ಬಸ್ಸಿಗೆ ಹತ್ತಿಸಿದರು. ನಾನೂ ಹೋದೆ. (ಯಾಕೆ ಹೋದೆ? ಯಂತ್ರ ಕೆಟ್ಟಿರಲಿ ಎಂದು ಹರಕೆ ಹೊರುತ್ತ ಹೋದೆ.)

ಭತ್ತದ ಚೀಲ ತೂಗುವ ಕಾಟಾದ ಮೇಲೆ ಭಾಗ್ಯ ಚಪ್ಪಲಿ ಬಿಟ್ಟು ನಿಂತಳು. ಹಮಾಲರು ಕೆಲಸ ಬಿಟ್ಟು ಸುತ್ತ ಸೇರಿದರು. ಅವರಲ್ಲೊಬ್ಬ ಹಿರಿಯ, “ಯವ್ವಾ, ನಮ್ಮ ಚೀಲ ನಿನಕಿಂತ ಇಪ್ಪತ್ತು ಕಿಲೋ ಜಾಸ್ತಿ ಅದ. ಇನ್ನೂ ಇಳಿಸಿದಿ ಅಂದ್ರ ಗಾಳಿಗಿ ಹಾರಿ ಹಿರೇಕೊಟ್ನೆಕಲ್ ಮುಟ್ಟತಿ ನೋಡು” ಎಂದ.

“ಹಾರಂಗಿಲ್ಲ ಕಾಕಾ. ಬೇಕಾದ್ರ ನಿನ್ನ ಎತ್ತಿ ಅಲ್ಲಿ ಒಗೀತೀನಿ” ಎಂದಳು ಭಾಗ್ಯ.

“ಒಗಿಯವ್ವಾ, ನಮ್ಮೂರ ಅದು, ಬಸ್ಸಿನ ಚಾರ್ಜಾದ್ರೂ ಉಳಿತದ!”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಕಾಟಾದ ಅಂಕಿ ನೋಡಿದಳು. ಐವತ್ನಾಲ್ಕೂವರೆ. ನಗು ಅಲ್ಲಿಗೇ ನಿಂತಿತು. “ಕಾಟಾ ಬರೋಬರಿ ಅದ ದೊಡ್ಡವ್ವಾ. ನನ್ನ ಮೈಯೇ ಮಾತು ಕೇಳವಲ್ದು” ಎಂದಳು.

ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ? ಅವಳು ತೂಕಕ್ಕೆ ನಿಲ್ಲಲು ಒಂದೂವರೆ ದಿನ ಇನ್ನೂ ಕೈಯಲ್ಲಿತ್ತು. ಹೇಳಲಿಲ್ಲ. ಇದಕ್ಕಿಂತ ಕೆಟ್ಟದ್ದನ್ನು ಹೇಳುತ್ತೇನೆ, ಕೇಳಿ. ಮನೆಗೆ ಬಂದು ಆ ಮಧ್ಯಾಹ್ನದ ಗಂಜಿಗೂ ಉಪ್ಪು ಹಾಕಿದೆ. ಮರುದಿನವೂ ಹಾಕಿದೆ. ಕರುಣೆಯಿಂದಲ್ಲ. ಒಮ್ಮೆಲೇ ಬಿಟ್ಟರೆ ರುಚಿ ಬದಲಾಗಿ ಅವಳಿಗೆ ಗೊತ್ತಾಗಿಬಿಡುತ್ತದೆಂದು.

ಆ ಎರಡು ದಿನ ಅವಳು ನೀರು ಬಿಟ್ಟಳು. ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು ಮಾಳಿಗೆಯ ಮೇಲೆ ಹಗ್ಗ ಹಾರಿದಳು. ಕೆಳಗೆ ಅಡುಗೆಮನೆಯಲ್ಲಿ ನಿಂತರೆ ಅವಳ ಹೆಜ್ಜೆ ಧಪ್ ಧಪ್ ಎಂದು ತಲೆಯ ಮೇಲೇ ಬಿದ್ದಂತೆ ಕೇಳಿಸುತ್ತಿತ್ತು. ಹೈದರಾಬಾದಿಗೆ ರೈಲು ಹತ್ತುವಾಗ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಆಮೇಲೆ ಆದದ್ದನ್ನು ಮೊದಲೇ ಹೇಳಿದ್ದೇನೆ.

ಅವಳು ಬ್ಯಾಂಕಿನಲ್ಲಿದ್ದಿದ್ದರೆ ನಾನು ಹೋಗಿ ಅವಳ ಫೈಲಿಗೆ ಕೈ ಹಾಕುತ್ತಿದ್ದೆನೇ? ಡಾಕ್ಟರ್ ಆಗಿದ್ದರೆ ಅವಳು ಬರೆದ ಔಷಧಿ ಚೀಟಿ ತಿದ್ದುತ್ತಿದ್ದೆನೇ? ಹತ್ತಿರವೂ ಸುಳಿಯುತ್ತಿರಲಿಲ್ಲ. ಅವಳ ಕಸುಬಿನಲ್ಲಿ ಮೈಯೇ ಫೈಲು, ಊಟವೇ ಔಷಧಿ. ಅದು ನನ್ನ ತಲೆಗೆ ಹತ್ತಲಿಲ್ಲ. ಯಾಕೆಂದರೆ, ಈಗ ಒಪ್ಪಿಕೊಳ್ಳುತ್ತೇನೆ, ಒಳಗೊಳಗೆ ನಾನು ಅದನ್ನು ಕಸುಬೆಂದು ಎಣಿಸಿಯೇ ಇರಲಿಲ್ಲ. ಮದುವೆಯಾಗುವವರೆಗಿನ ಹುಡುಗಾಟ ಅಂದುಕೊಂಡಿದ್ದೆ. ಅವಳು ಗೆದ್ದಾಗೆಲ್ಲ ಓಣಿಗೆ ಪೇಡೆ ಹಂಚಿದವಳೂ ನಾನೇ.

ಹೋದ ಭಾನುವಾರ ಭಾಗ್ಯ ಗಬ್ಬೂರಿಗೆ ಹೋಗುವ ದಾರಿಯಲ್ಲಿ ಊಟಕ್ಕೆ ಬಂದಳು. ಗಂಡುಹುಡುಗರ ಹಾಗೆ ಕತ್ತರಿಸಿದ ತಲೆ. ಕೋಚ್ ಅವಳನ್ನು ಪಂದ್ಯದ ತಂಡದಿಂದ ತೆಗೆದು, ಹೊಸಬರಿಗೆ ಕಲಿಸಲು ಹಾಕಿದ್ದಾರಂತೆ. ತೂಕ ತಪ್ಪಿದ್ದಕ್ಕಲ್ಲ. ಕದ್ದು ತಿಂದು ಸುಳ್ಳು ಹೇಳುತ್ತಿದ್ದಾಳೆ ಎಂದು. ಸುಳ್ಳು ಹೇಳುವವಳ ಹೆಸರನ್ನು ತಾನು ಯಾವ ಕಂಪನಿಗೂ ಕಳಿಸುವುದಿಲ್ಲ ಎಂದಿದ್ದಾರಂತೆ.

“ನಾ ನಿನ್ನ ಹೆಸರ ಹೇಳೀನಿ ದೊಡ್ಡವ್ವಾ” ಎಂದಳು ರೊಟ್ಟಿ ಮುರಿಯುತ್ತ. “ನಮ್ಮ ದೊಡ್ಡವ್ವ ಚೀಟಿ ನೋಡಿ ಹಾಕಿದಾಕಿ, ಬೇಕಾದ್ರ ಆಕಿನ್ನ ಕೇಳ್ರಿ ಅಂತ ಆಣಿ ಮಾಡೀನಿ.”

ನನ್ನ ಕೈಯಲ್ಲಿ ಪಲ್ಯದ ಸೌಟು ಇತ್ತು. ಅದನ್ನು ಹಾಗೇ ಹಿಡಿದುಕೊಂಡು ಹೇಳಿಬಿಟ್ಟೆ.

ಅವಳು ಕೂಗಾಡಲಿಲ್ಲ. ರೊಟ್ಟಿ ಕೆಳಗಿಟ್ಟಳು. “ಎಷ್ಟು?”

“ಏನವ್ವಾ?”

“ದಿನಾ ಎಷ್ಟು ಹಾಕಿದಿ?”

“ಚಿಟಿಕಿ. ಎರಡು ಹೊತ್ತು.”

ತುಟಿ ಅಲುಗಿಸುತ್ತ ಏನೋ ಲೆಕ್ಕ ಹಾಕಿದಳು. “ಮಿಲ್ಲಿಗಿ ಹೋದಾಗ ನಿನಗ ಗೊತ್ತಿತ್ತು.”

“ಹೂಂ.”

ತನ್ನ ಫೋನು ನನ್ನ ಮುಂದೆ ತಳ್ಳಿದಳು. “ಕೋಚಿಗಿ ಫೋನ್ ಹಚ್ಚು. ನೀನ ಹೇಳು.”

“ನನಗ ಹಿಂದಿ ಎಲ್ಲಿ ಬರ್ತದವ್ವಾ...”

“ಸಂತ್ಯಾಗ ಉಳ್ಳಾಗಡ್ಡಿ ಚೌಕಾಸಿ ಮಾಡ್ತಿಯಲ್ಲ, ಅದು ಯಾವ ಭಾಷಾ?”

ಹಚ್ಚಿದೆ. ಉಳ್ಳಾಗಡ್ಡಿಯ ಹಿಂದಿಯಲ್ಲೇ ಎಲ್ಲ ಹೇಳಿದೆ. ಚಿಟಿಕೆ ಎಷ್ಟು, ತುಪ್ಪ ಎಷ್ಟು, ಬೋರಿನ ನೀರಿನ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಭಾಗ್ಯ ಸ್ಪೀಕರ್ ಹಾಕಿ ಎದುರಿಗೇ ಕೂತಿದ್ದಳು.

ಆ ಕಡೆಯಿಂದ ಕೋಚ್ ಮೆಲ್ಲಗೆ ನಕ್ಕರು. ಒಳ್ಳೆಯ ಮನುಷ್ಯ, ದನಿಯಲ್ಲಿ ಬೇಸರ ಇರಲಿಲ್ಲ. “ಆಂಟಿ, ಆಪ್ ಬಹುತ್ ಅಚ್ಛೀ ಹೈಂ” ಎಂದರು. ನೀವು ಬಹಳ ಒಳ್ಳೆಯವರು ಅಂತ. ತೂಕ ತಪ್ಪಿದ ಪ್ರತಿಯೊಬ್ಬರ ಮನೆಯಿಂದಲೂ ಇಂಥದೊಂದು ಫೋನು ಬರುತ್ತದಂತೆ. ಒಬ್ಬ ತಾಯಿ ತಾನೇ ಮಗನಿಗೆ ನಿದ್ದೆಗಣ್ಣಿನಲ್ಲಿ ಅನ್ನ ತಿನ್ನಿಸಿದೆ ಎಂದಿದ್ದಳಂತೆ. ಮಕ್ಕಳ ತಪ್ಪನ್ನು ಹೀಗೆ ಮೈಮೇಲೆ ಎಳೆದುಕೊಳ್ಳುವ ಹಿರಿಯರಿಗೆ ತಾನು ಕೈ ಮುಗಿಯುತ್ತೇನೆ ಎಂದರು. ಕೊನೆಗೆ, ಭಾಗ್ಯಳಿಗೆ ಒಂದು ಮಾತು ಹೇಳಿ ಎಂದರು: ಅವಳು ಹೇಳಿದ ಸುಳ್ಳು ಸಾಲದೆಂದು ದೊಡ್ಡಮ್ಮನ ಕೈಲೂ ಹೇಳಿಸುವುದು ಬೇಡ.

ಫೋನು ಇಟ್ಟರು.

ಭಾಗ್ಯ ಎದ್ದು ಕೈ ತೊಳೆದಳು. ಬ್ಯಾಗು ಹೆಗಲಿಗೆ ಹಾಕಿದಳು. “ಇಷ್ಟು ದಿನ ಅನುಮಾನ ಇತ್ತು. ಈಗ ಖಾತ್ರಿ ಆತು ಅವರಿಗಿ” ಎಂದಷ್ಟೇ ಹೇಳಿ ಗಬ್ಬೂರಿನ ಬಸ್ಸಿಗೆ ಹೋದಳು. ಈ ಸಲ ಕಾಲು ಮುಟ್ಟಲಿಲ್ಲ. ಯಾಕೆ ಮುಟ್ಟಬೇಕು?

ನಾಳೆ ಬೆಳಗಿನ ರೈಲಿಗೆ ನಾನೊಬ್ಬಳೇ ಹೈದರಾಬಾದಿಗೆ ಹೊರಟಿದ್ದೇನೆ. ಕೋಚ್ ಎದುರು ನಿಂತು ಹೇಳಬೇಕು, ನಂಬುವವರೆಗೆ ಹೇಳಬೇಕು. ಆದರೆ ಆತ ನನಗೆ ಕುರ್ಚಿ ಹಾಕಿ, ಚಹಾ ತರಿಸಿ, ‘ಇಂಥ ದೊಡ್ಡಮ್ಮ ಎಲ್ಲರಿಗೂ ಇರಲಿ’ ಎಂದು ಹೊಗಳಿ ಕಳಿಸಿಬಿಟ್ಟರೆ?