ಹೋಟೆಲಕ್ಕನ ಕಡ್ಡಿದೀಪ

ಅವರ ಮೊಣಕೈಗೆ ಸದಾ ಒಂದು ಚೂರು ಕಾಗದ ಅಂಟಿಕೊಂಡಿರುತ್ತಿತ್ತು. ಮೈದಾದ ಅಂಟು ಒಣಗಿ ಬೆರಳುಗಳೆಲ್ಲ ಬೆಳ್ಳಗೆ. ಹಾಗೆಯೇ ಬಂದು ಗಲ್ಲಾದಲ್ಲಿ ಕೂತರೆ ಗಂಡ ಗೊಣಗುವರು: “ಗಿರಾಕಿಗಳು ದೋಸೆಹಿಟ್ಟು ಅಂತ ಎಣಿಸ್ತಾರೆ, ಕೈ ತೊಳ್ಕೊಂಡು ಬಾ ಮಾರಾಯ್ತಿ.”

ವಡೋದರಾದ ಅಲ್ಕಾಪುರಿಯಲ್ಲಿ ಅವರದು ಉಡುಪಿ ಹೋಟೆಲು. ಅದರ ಮಹಡಿಯಲ್ಲಿ ಬಾಡಿಗೆಗಿದ್ದ ನಾವು, ಕೆಲಸಕ್ಕೆಂದು ಬಂದ ಕನ್ನಡದ ಹುಡುಗಿಯರು, ಅವರನ್ನು ಹೋಟೆಲಕ್ಕ ಎನ್ನುತ್ತಿದ್ದೆವು. ಮಧ್ಯಾಹ್ನದ ಊಟದ ಗಲಾಟೆ ಮುಗಿದದ್ದೇ ತಡ, ಕಾಗದದ ದೀಪ ಮಾಡಲು ಕೂರುವರು. ಅಹಮದಾಬಾದಿನಿಂದ ತರಿಸಿದ ಒರಟು ಕೈಕಾಗದದಲ್ಲಿ ಕೆಸುವಿನ ಎಲೆ, ಕುಂಬಳದ ಹೂವು, ಕಮಲದ ಮೊಗ್ಗು ಮೂಡುತ್ತಿದ್ದವು. ಒಳಗಿನ ಹಂದರಕ್ಕೆ ಮಾತ್ರ ತೆಂಗಿನ ಗರಿಯ ಕಡ್ಡಿಯೇ ಆಗಬೇಕು. “ತಂತಿ ನಾವು ಹೇಳಿದ ಹಾಗೆ ಕೇಳ್ತದೆ. ಕಡ್ಡಿ ಕೇಳುದಿಲ್ಲ. ಅದಕ್ಕೇ ಎಲೆ ಎಲೆಯ ಹಾಗೆ ಕಾಣುದು.” ಹೀಗಾಗಿ ಊರಿಗೆ ಹೋದವರೆಲ್ಲ ಕಡ್ಡಿಪೊರಕೆ ತರಬೇಕಿತ್ತು, ಅವರ ಮಾತಿನಲ್ಲಿ ಹಿಡಿಸೂಡಿ. ಒಂದು ಕಟ್ಟು ಹಿಡಿಸೂಡಿ ತಬ್ಬಿಕೊಂಡು ರೈಲಿನಲ್ಲಿ ಬಂದ ನನ್ನನ್ನು ನೋಡಿ ಇಡೀ ಬೋಗಿ ನಕ್ಕಿದೆ.

ಒಮ್ಮೆ ಎದುರಿನ ಸೀರೆ ಅಂಗಡಿಯ ಗುಜರಾತಿ ಒಡತಿ, ಅಲ್ಲಿಯವರಂತೆ ನಾವೂ ಅಕ್ಕ ಎಂಬರ್ಥದಲ್ಲಿ ಬೆನ್ ಎನ್ನುತ್ತಿದ್ದವರು, ದೀಪಾವಳಿಗೆ ಅಂಗಡಿ ತುಂಬ ಇವರ ದೀಪ ತೂಗುಹಾಕಲು ಒಪ್ಪಿದರು. ಇವರ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದು ಅದೇ ಮೊದಲು. ಹೋಟೆಲಕ್ಕನಿಗೆ ಹಿಗ್ಗೋ ಹಿಗ್ಗು. ಕೊನೆಯ ದೀಪಕ್ಕೆ ಕಡ್ಡಿ ಸಾಲದೆ, ದೀಪಾವಳಿಗೆ ಎರಡು ದಿನ ಮೊದಲು ಬರುವ ಧನತೇರಸಿನ ಬೆಳಿಗ್ಗೆ ಹೊಸ ಹಿಡಿಸೂಡಿ ಬಿಚ್ಚಿ ಕಡ್ಡಿ ಮುರಿಯುತ್ತ ಕೂತರು. ಅದೇ ಹೊತ್ತಿಗೆ ಬೆನ್ ಬರಬೇಕೆ! ಅಲ್ಲಿಯವರು ಅಂದು ಹೊಸ ಪೊರಕೆಯನ್ನು ಲಕ್ಷ್ಮಿಯೆಂದು ತಂದು ಪೂಜಿಸುತ್ತಾರೆ.

“ಹಾಯ್ ಹಾಯ್, ಲಕ್ಷ್ಮೀಜೀನೇ ತೋಡೀ ನಾಖ್ಯಾ!” ಲಕ್ಷ್ಮಿಯನ್ನೇ ಮುರಿದುಹಾಕಿದಿರಲ್ಲ ಎಂದು ಕೂಗಿದ ಬೆನ್, ದೀಪವೂ ಬೇಡ ಏನೂ ಬೇಡ ಎಂದು ಹೊರಟೇಹೋದರು.

ಹೋಟೆಲಕ್ಕ ಅಂದು ಊಟ ಮಾಡಲಿಲ್ಲ. ಸಂಜೆ ಕೆಸುವಿನೆಲೆಯ ದೀಪವನ್ನು ನನ್ನ ಕೈಗಿತ್ತು, “ಬಾ, ಎಂತ ಹೇಳ್ತಾರೆ ನೋಡುವ” ಎಂದು ಸೀರೆ ಅಂಗಡಿಗೆ ನಡೆದರು. ಟ್ಯೂಬ್‌ಲೈಟ್ ಆರಿಸಲು ಹೇಳಿ ದೀಪ ಹೊತ್ತಿಸಿದರು. ಒಳಗಿನ ಕಡ್ಡಿಗಳು ಎಲೆಯ ನರಗಳಾಗಿ ಗೋಡೆಯುದ್ದಕ್ಕೂ ಹರಡಿಕೊಂಡವು.

“ಬೆನ್, ಆಪ್ ಕಾ ಲಕ್ಷ್ಮಿ ಧೂಲ್ ನಿಕಾಲ್ತಾ. ಮೇರಾ ಲಕ್ಷ್ಮಿ ಅಂಧೇರಾ ನಿಕಾಲ್ತಾ.” ನಿಮ್ಮ ಲಕ್ಷ್ಮಿ ಧೂಳು ತೆಗೆದರೆ ನನ್ನವಳು ಕತ್ತಲೆ ತೆಗೆಯುತ್ತಾಳೆ ಎಂದು. ಆ ಹರಕು ಹಿಂದಿಗೋ, ಗೋಡೆಯ ಮೇಲಿನ ಎಲೆಗೋ, ಬೆನ್ ನಕ್ಕುಬಿಟ್ಟರು. ದೀಪಗಳೆಲ್ಲ ಅಂದೇ ಅಂಗಡಿ ಸೇರಿದವು.

ಹೋಟೆಲಕ್ಕ ತೀರಿಕೊಂಡ ವರ್ಷ ದೀಪಾವಳಿಗೆ ನಾನು ವಡೋದರಾಕ್ಕೆ ಹೋಗಿದ್ದೆ. ಸೀರೆ ಅಂಗಡಿಯಲ್ಲಿ ಅವರ ದೀಪವೊಂದು ಇನ್ನೂ ತೂಗುತ್ತಿತ್ತು. ಕಾಗದ ಹರಿದು ಕಡ್ಡಿ ಹೊರಗೆ ಬಂದಿತ್ತು. ಬೆನ್ ಅದನ್ನು ಇಳಿಸಿರಲಿಲ್ಲ. ಧನತೇರಸಿಗೆ ಆ ಮುರುಕು ಕಡ್ಡಿಗೇ ಕುಂಕುಮ ಹಚ್ಚಿದ್ದರು. ನೋಡಲೆಂದು ತೆಗೆದ ಸೀರೆಯನ್ನು ಹಿಡಿದುಕೊಂಡೇ ನಾನು ಅತ್ತುಬಿಟ್ಟೆ.